ಬಿಟ್ಟದ್ದರ ಲೆಕ್ಕ

ಚನ್ನಪಟ್ಟಣದ ಅರಗಿನ ಬೊಂಬೆಯೊಂದನ್ನು ಕಿಟಕಿಯ ಪಕ್ಕ ಇಟ್ಟು ನೋಡಿ. ಅದರ ಕೆಂಪು ಹೊಟ್ಟೆಯ ಮೇಲೆ ಒಂದು ಬಿಳಿ ಚುಕ್ಕೆ ಮಿನುಗುತ್ತಿರುತ್ತದೆ. ತಲೆಯನ್ನು ಸ್ವಲ್ಪ ವಾಲಿಸಿದರೆ ಚುಕ್ಕೆಯೂ ಸರಿಯುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅದು ಬೇರೆಯೇ ಜಾಗದಲ್ಲಿ ಕಾಣುತ್ತದೆ. ಹಾಗಾದರೆ ಆ ಹೊಳಪು ಇರುವುದೆಲ್ಲಿ? ಬೊಂಬೆಗೆ ಅಂಟಿಕೊಂಡಿದ್ದರೆ ನಾವು ಅಲುಗಿದಾಗ ಅದು ಅಲುಗಬಾರದಿತ್ತು. ನಮ್ಮ ಕಣ್ಣಿನಲ್ಲೇ ಇದೆ ಎನ್ನೋಣವೆಂದರೆ ಕಿಟಕಿ ಮುಚ್ಚಿದ ಕೂಡಲೇ ಮಾಯವಾಗುತ್ತದೆ. ಬೆಳಕು, ಬೊಂಬೆ, ನೋಡುವವರು ಮೂವರೂ ಸೇರಿದಾಗ ಮಾತ್ರ ಹುಟ್ಟುವ ಸಂಗತಿ ಅದು.

ನಾನು ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಪಾಠ ಮಾಡುವವನು. ಈ ಬಿಳಿ ಚುಕ್ಕೆಯನ್ನು ಪರದೆಯ ಮೇಲೆ ಮೂಡಿಸುವುದು ಹೇಗೆಂದು ಪ್ರತಿವರ್ಷ ಹೇಳಿಕೊಡುತ್ತೇನೆ. ಅದರ ಸೂತ್ರಕ್ಕೆ ಫಾಂಗ್ ಮಾದರಿ ಎಂದು ಹೆಸರು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಿಂದಿನ ಪಠ್ಯಕ್ರಮದಲ್ಲಿ ಓದಿದವರಿಗೆ ಲ್ಯಾಬಿನ ಒಂದು ಪ್ರೋಗ್ರಾಂ ನೆನಪಿರಬಹುದು: ಮೇಜಿನ ಮೇಲೊಂದು ಟೀಪಾಟ್, ಅದರ ಮೇಲೆ ಬೀಳುವ ಬೆಳಕು. ಆಂಬಿಯೆಂಟ್, ಡಿಫ್ಯೂಸ್, ಸ್ಪೆಕ್ಯುಲರ್, ಶೈನಿನೆಸ್ ಎಂದು ನಾಲ್ಕು ಸಾಲು ಬರೆದು, ಅಂಕಿ ತುಂಬಿ, ರನ್ ಮಾಡಿ ತೋರಿಸಿ, ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಮುಗಿಯಿತು. ಆ ಸಾಲುಗಳ ಹಿಂದೆ ಒಬ್ಬ ಸಂಶೋಧಕರ ಬದುಕಿದೆ. ಆ ಬದುಕನ್ನೂ ಆ ಸೂತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ನೈತಿಕ ಪ್ರಶ್ನೆ ಎದುರಾಗುತ್ತದೆ. ಯಾವುದನ್ನಾದರೂ ಸರಳಗೊಳಿಸುವಾಗ ನಾವು ಕೈಬಿಡುವ ಭಾಗವಿದೆಯಲ್ಲ, ಅದರ ಬಗ್ಗೆ ನಮಗಿರುವ ಹೊಣೆ ಏನು?

ಮೊದಲು ಕೆಲಸದ ವಿಚಾರ. 1960ರ ದಶಕದ ಮಧ್ಯದಲ್ಲಿ ಡೇವಿಡ್ ಇವಾನ್ಸ್ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಯೂಟಾ ವಿಶ್ವವಿದ್ಯಾಲಯಕ್ಕೆ ಬಂದು ಕಂಪ್ಯೂಟರ್ ವಿಜ್ಞಾನ ವಿಭಾಗವನ್ನು ಕಟ್ಟಿದರು. 1968ರಲ್ಲಿ ಐವಾನ್ ಸದರ್ಲೆಂಡ್ ಅವರ ಜೊತೆಗೂಡಿದರು. ಮುಂದಿನ ಹತ್ತು ವರ್ಷಗಳಲ್ಲಿ ಅಲ್ಲಿ ಓದಿದವರ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ. ಅಡೋಬಿ ಕಂಪನಿ ಕಟ್ಟಿದ ಜಾನ್ ವಾರ್ನಾಕ್, ಪಿಕ್ಸಾರ್ ಕಟ್ಟಿದವರಲ್ಲಿ ಒಬ್ಬರಾದ ಎಡ್ ಕ್ಯಾಟ್‌ಮುಲ್, ಸಿಲಿಕಾನ್ ಗ್ರಾಫಿಕ್ಸ್ ಸ್ಥಾಪಿಸಿದ ಜಿಮ್ ಕ್ಲಾರ್ಕ್ ಎಲ್ಲರೂ ಅಲ್ಲಿನ ವಿದ್ಯಾರ್ಥಿಗಳೇ. ಇವತ್ತು ನಾವು ಪರದೆಯ ಮೇಲೆ ನೋಡುವ ಆಟ, ಸಿನಿಮಾ, ಕಟ್ಟಡದ ನಕ್ಷೆಗಳ ಮೂಲವನ್ನು ಹುಡುಕುತ್ತಾ ಹೋದರೆ ಎಲ್ಲೋ ಒಂದು ಕಡೆ ಆ ಊರು ಸಿಕ್ಕೇ ಸಿಗುತ್ತದೆ.

ಅವರ ಮುಂದಿದ್ದ ಕಷ್ಟ ಇದು. ಕಂಪ್ಯೂಟರಿಗೆ ದುಂಡನೆಯ ವಸ್ತು ಅರ್ಥವಾಗುವುದಿಲ್ಲ. ಅದನ್ನು ನೂರಾರು ಚಪ್ಪಟೆ ತುಂಡುಗಳಾಗಿ ಒಡೆದು ಕೊಡಬೇಕು. ಪ್ರತಿ ತುಂಡಿಗೂ ಒಂದೊಂದು ಬಣ್ಣ ಹಚ್ಚಿದರೆ ಚೆಂಡು ಚೆಂಡಿನಂತೆ ಕಾಣದೆ ಕಡಿದ ಕಲ್ಲಿನಂತೆ ಕಾಣುತ್ತದೆ. 1971ರಲ್ಲಿ ಪಿಎಚ್.ಡಿ. ಮುಗಿಸಿದ ಆಂರಿ ಗೂರೋ ಒಂದು ಉಪಾಯ ಹೂಡಿದರು: ತುಂಡಿನ ಮೂಲೆಗಳಲ್ಲಿ ಬಣ್ಣ ಎಷ್ಟೆಂದು ಲೆಕ್ಕ ಹಾಕಿ, ನಡುವಿನ ಜಾಗದಲ್ಲಿ ಒಂದರಿಂದ ಇನ್ನೊಂದಕ್ಕೆ ನಿಧಾನವಾಗಿ ಕರಗಿಸುವುದು. ಮೈ ನುಣುಪಾಯಿತು. ಆದರೆ ಹೊಳಪಿನ ಚುಕ್ಕೆ ತುಂಡಿನ ನಟ್ಟನಡುವೆ ಬಿದ್ದರೆ ಅದು ಕಾಣದೇ ಹೋಗುತ್ತಿತ್ತು, ಯಾಕೆಂದರೆ ಲೆಕ್ಕ ಹಾಕಿದ್ದು ಮೂಲೆಗಳಲ್ಲಿ ಮಾತ್ರ.

ಅದೇ ವರ್ಷ ಯೂಟಾಗೆ ಬಂದ ಬೂಯಿ ತುವಾಂಗ್ ಫಾಂಗ್ ಈ ಲೆಕ್ಕವನ್ನು ಒಂದು ಹೆಜ್ಜೆ ಹಿಂದಕ್ಕೆ ಒಯ್ದರು. ಕರಗಿಸಬೇಕಾದದ್ದು ಬಣ್ಣವನ್ನಲ್ಲ, ಮೈ ಯಾವ ಕಡೆ ಮುಖ ಮಾಡಿದೆ ಎಂಬ ದಿಕ್ಕನ್ನು ಎಂದರು. ಪ್ರತಿ ಬಿಂದುವಿನಲ್ಲೂ ದಿಕ್ಕು ಗೊತ್ತಾದ ಮೇಲೆ ಅಲ್ಲಲ್ಲೇ ಬೆಳಕಿನ ಲೆಕ್ಕ ಹಾಕಬಹುದು. ಆ ಲೆಕ್ಕದಲ್ಲಿ ಮೂರು ಭಾಗ. ಸುಣ್ಣ ಬಳಿದ ಗೋಡೆಯಂತೆ ಎಲ್ಲ ಕಡೆಗೂ ಸಮನಾಗಿ ಚೆಲ್ಲುವ ಬೆಳಕು ಒಂದು. ತೊಳೆದಿಟ್ಟ ಹಿತ್ತಾಳೆ ಕೊಡದಂತೆ ಒಂದೇ ಕಡೆಗೆ ಪುಟಿಯುವ ಹೊಳಪು ಇನ್ನೊಂದು. ಈ ಹೊಳಪು ಎಷ್ಟು ಚೂಪು ಎಂಬುದನ್ನು ಒಂದು ಘಾತ ನಿರ್ಧರಿಸುತ್ತದೆ. ಘಾತ ಕಿರಿದಾದರೆ ಮಬ್ಬು ಹರಡಿದ ಬೆಳಕು, ಹಿರಿದಾದರೆ ಸೂಜಿಮೊನೆಯ ಚುಕ್ಕೆ. ಮೂರನೆಯದು ಸುತ್ತಲಿನ ಪರಿಸರದ ಬೆಳಕು. 1973ರಲ್ಲಿ ಅವರ ಪಿಎಚ್.ಡಿ. ಮುಗಿಯಿತು. 1975ರ ಜೂನ್‌ನಲ್ಲಿ ಅದರ ಸಾರ ಒಂದು ಪ್ರಬಂಧವಾಗಿ ಅಚ್ಚಾಯಿತು. ಏಳೇ ಪುಟ.

ತರಗತಿಯಲ್ಲಿ ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಅನುಮಾನಪಡುತ್ತಾರೆ. ಒಂದು ವರ್ಷ ಒಬ್ಬಳು ವಿದ್ಯಾರ್ಥಿನಿ ನೇರವಾಗಿ ಕೇಳಿದಳು: “ಸರ್, ಈ ಘಾತ ಎಲ್ಲಿಂದ ಬಂತು? ಫಿಸಿಕ್ಸ್‌ನಲ್ಲಿ ನಾವು ಇದನ್ನ ಓದೇ ಇಲ್ಲವಲ್ಲ?” ಎಲ್ಲಿಂದಲೂ ಬಂದಿಲ್ಲ, ಕಣ್ಣಿಗೆ ಸರಿಯಾಗಿ ಕಾಣುತ್ತದೆ ಎಂದು ಇಟ್ಟುಕೊಂಡದ್ದು ಎಂದೆ. “ಹಾಗಾದ್ರೆ ಇದು ಸುಳ್ಳಾ ಸರ್?” ಎಂದಳು.

ಅವಳ ಅನುಮಾನ ಸರಿಯಾದದ್ದೇ. ಚೆಲ್ಲುವ ಬೆಳಕಿನ ಭಾಗಕ್ಕೆ 18ನೇ ಶತಮಾನದ ಲ್ಯಾಂಬರ್ಟ್ ಹೇಳಿದ ನಿಯಮದ ಆಧಾರವಿದೆ. ಹೊಳಪಿನ ಭಾಗಕ್ಕೆ ಅಂಥ ಆಧಾರವಿಲ್ಲ. ಅಂಕಿಗಳನ್ನು ಮನಬಂದಂತೆ ಕೊಟ್ಟರೆ ಬಿದ್ದ ಬೆಳಕಿಗಿಂತ ಹೆಚ್ಚು ಬೆಳಕು ವಾಪಸು ಬರುವಂತೆಯೂ ಮಾಡಬಹುದು. ನಿಸರ್ಗ ಅಂಥ ಸಾಲ ಕೊಡುವುದಿಲ್ಲ. ಇನ್ನು ಪರಿಸರದ ಬೆಳಕಂತೂ ಒಂದೇ ಒಂದು ಅಂಕಿ. ನಿಜವಾದ ಕೋಣೆಯಲ್ಲಿ ಬೆಳಕು ನೆಲದಿಂದ ಗೋಡೆಗೆ, ಗೋಡೆಯಿಂದ ಸೂರಿಗೆ, ಅಲ್ಲಿಂದ ಮೇಜಿನ ಅಡಿಗೆ ಓಡಾಡುತ್ತಲೇ ಇರುತ್ತದೆ. ಆ ಓಡಾಟವನ್ನೆಲ್ಲ ಒಂದು ಸಮೀಕರಣದಲ್ಲಿ ಹಿಡಿದು ಜೇಮ್ಸ್ ಕಜಿಯಾ ಬರೆದದ್ದು 1986ರಲ್ಲಿ. ಅಷ್ಟೂ ಓಡಾಟವನ್ನು ಫಾಂಗ್ ಮಾದರಿ 0.2 ಎಂದೋ 0.3 ಎಂದೋ ಬರೆದು ಮುಗಿಸುತ್ತದೆ.

ಆದರೂ ಅದು ಸುಳ್ಳಲ್ಲ ಎಂದು ನಾನು ವಾದಿಸುತ್ತೇನೆ. ಕಾರಣ ಆ ಏಳು ಪುಟಗಳಲ್ಲೇ ಇದೆ. ವಸ್ತು ವಾಸ್ತವದಲ್ಲಿ ಹೇಗೆ ಕಾಣುತ್ತದೋ ಹಾಗೇ ತೋರಿಸುತ್ತೇವೆಂಬ ನಿರೀಕ್ಷೆ ತಮಗಿಲ್ಲವೆಂದೂ, ಅದಕ್ಕೆ ಸಾಕಷ್ಟು ಹತ್ತಿರದ ಒಂದು ಚಿತ್ರವನ್ನು ಕೊಡುವುದಷ್ಟೇ ತಮ್ಮ ಆಸೆಯೆಂದೂ ಫಾಂಗ್ ಅಲ್ಲಿ ಒಪ್ಪಿಕೊಂಡು ಹೊರಡುತ್ತಾರೆ. ನೆರಳು, ಮೈಯ ತರಿ, ಇಂಥವುಗಳನ್ನು ಬಿಟ್ಟಿದ್ದೇನೆಂದು ಬಾಯಿಬಿಟ್ಟು ಹೇಳುತ್ತಾರೆ. ಬಾಡಿಗೆಗೆ ಮನೆ ತೋರಿಸುವಾಗ ಸೋರುವ ಮೂಲೆಯನ್ನು ತಾನೇ ಮೊದಲು ತೋರಿಸುವ ಮನೆ ಮಾಲೀಕರ ಹಾಗೆ.

ಸುಳ್ಳು, ತಪ್ಪು, ಅಂದಾಜು ಈ ಮೂರನ್ನು ನಾವು ಸುಲಭವಾಗಿ ಕಲಸಿಬಿಡುತ್ತೇವೆ. ತಪ್ಪು ಮಾಡಿದವರಿಗೆ ತಾವು ಏನು ಬಿಟ್ಟಿದ್ದೇವೆಂದು ಗೊತ್ತಿರುವುದಿಲ್ಲ. ಸುಳ್ಳು ಹೇಳುವವರಿಗೆ ಗೊತ್ತಿರುತ್ತದೆ, ಮುಚ್ಚಿಡುತ್ತಾರೆ. ಅಂದಾಜು ಮಾಡುವವರಿಗೂ ಗೊತ್ತಿರುತ್ತದೆ, ಆದರೆ ಹೇಳುತ್ತಾರೆ. ಮೂರರ ಚಿತ್ರವೂ ಕಣ್ಣಿಗೆ ಒಂದೇ ಥರ ಕಾಣಬಹುದು. ವ್ಯತ್ಯಾಸವಿರುವುದು ಚಿತ್ರದಲ್ಲಲ್ಲ, ಚಿತ್ರದ ಜೊತೆ ಬರುವ ಮಾತಿನಲ್ಲಿ. ಶಂಕರರ ಅದ್ವೈತದಲ್ಲಿ ವ್ಯಾವಹಾರಿಕ ಸತ್ಯ, ಪಾರಮಾರ್ಥಿಕ ಸತ್ಯ ಎಂಬ ಭೇದವಿದೆ. ದಿನದ ಬದುಕು ನಡೆಯುವುದು ಮೊದಲನೆಯದರಲ್ಲೇ, ಅದನ್ನು ಯಾರೂ ಹೀಗಳೆಯಬೇಕಿಲ್ಲ. ಅಜ್ಞಾನ ಎನಿಸಿಕೊಳ್ಳುವುದು ವ್ಯವಹಾರವನ್ನೇ ಕೊನೆಯ ಮಾತು ಎಂದುಕೊಂಡಾಗ. ಮಬ್ಬುಗತ್ತಲಲ್ಲಿ ಹಗ್ಗ ಹಾವಿನಂತೆ ಕಂಡರೆ ಹಗ್ಗದ ತಪ್ಪೇನೂ ಇಲ್ಲ, ಅದು ತಾನು ಹಾವೆಂದು ಹೇಳಿಕೊಂಡಿರಲಿಲ್ಲ.

ಇದೇ ಕಲೆ ಬೇರೆಯವರ ಕೈಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಹೊರವಲಯದ ಯಾವುದೇ ರಸ್ತೆಯಲ್ಲಿ ಇನ್ನೂ ಕಟ್ಟದ ಅಪಾರ್ಟ್‌ಮೆಂಟಿನ ಹೋರ್ಡಿಂಗ್ ನೋಡಿ. ಸಂಜೆಯ ಹೊಂಬಣ್ಣ, ಗಾಜಿನ ಮೇಲೆ ಮಿಂಚು, ಈಜುಕೊಳದ ನೀರಿನಲ್ಲಿ ಬಾಲ್ಕನಿಯ ಪ್ರತಿಬಿಂಬ. ಎಲ್ಲವೂ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಬೆಳಕು. ಫಾಂಗ್ ಬಿಟ್ಟಿದ್ದ ನೆರಳು, ಮೈಯ ತರಿ ಎಲ್ಲವೂ ಈಗ ಚಿತ್ರಕ್ಕೆ ಬಂದು ಸೇರಿವೆ. ಭೌತಶಾಸ್ತ್ರದ ದೃಷ್ಟಿಯಿಂದ ಈ ಚಿತ್ರವೇ ಹೆಚ್ಚು ನಿಜ. ಆದರೆ ನೀರಿನ ಟ್ಯಾಂಕರ್ ಇಲ್ಲ, ಪಕ್ಕದ ರಾಜಕಾಲುವೆ ಇಲ್ಲ, ಎದುರಿನ ಕಟ್ಟಡ ಇಲ್ಲ. ಕೆಳಗಿನ ಮೂಲೆಯಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ ಇದು ಕಲಾವಿದರ ಕಲ್ಪನೆ ಎಂಬ ಒಂದು ಸಾಲು ಇರುತ್ತದೆ. ಹೇಳಿದ್ದೇವೆ ಎಂದು ಅವರು ವಾದಿಸಬಹುದು. ಓದಲಿ ಎಂದು ಹೇಳುವುದು ಬೇರೆ, ಓದದಿರಲಿ ಎಂದು ಹೇಳುವುದು ಬೇರೆ. ಜೀವಮಾನದ ಉಳಿತಾಯ ಹಾಕಿದವರಿಗೆ ಸಿಗುವುದು ಕನ್ನಡಿಯೊಳಗಿನ ಗಂಟು. ಚಿತ್ರ ಎಷ್ಟು ನೈಜವಾಗಿದೆ ಎಂಬುದಕ್ಕೂ ಎಷ್ಟು ಪ್ರಾಮಾಣಿಕವಾಗಿದೆ ಎಂಬುದಕ್ಕೂ ಸಂಬಂಧವಿಲ್ಲ ಎಂಬುದನ್ನು ನನ್ನ ವಿದ್ಯಾರ್ಥಿಗಳು ಕಲಿಯಬೇಕು, ಯಾಕೆಂದರೆ ಅವರಲ್ಲಿ ಕೆಲವರು ನಾಳೆ ಇಂಥ ಹೋರ್ಡಿಂಗ್‌ಗಳ ಚಿತ್ರ ಮಾಡುವವರೇ.

ಇಲ್ಲಿಯವರೆಗೆ ಸೂತ್ರದ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಇದರ ಇನ್ನೊಂದು ಮಗ್ಗುಲು. ವಸ್ತುಗಳನ್ನು ಅಂದಾಜಿನಲ್ಲಿ ತೋರಿಸುವ ಹಾಗೆಯೇ ನಾವು ಮನುಷ್ಯರನ್ನೂ ಅಂದಾಜಿನಲ್ಲಿ ನೆನಪಿಡುತ್ತೇವೆ. ಫಾಂಗ್ ಎಂಬ ಎರಡು ಅಕ್ಷರ ಅಂಥದೊಂದು ಅಂದಾಜು.

ಗ್ರಾಫಿಕ್ಸ್ ಪುಸ್ತಕಗಳಲ್ಲಿ ವಿಧಾನಗಳಿಗೆಲ್ಲ ಮನೆತನದ ಹೆಸರೇ ಇರುತ್ತದೆ: ಲ್ಯಾಂಬರ್ಟ್, ಗೂರೋ, ಬ್ಲಿನ್. ಆ ಸಾಲಿನಲ್ಲಿ ಫಾಂಗ್ ಕೂಡ ನಿಂತಿರುವುದರಿಂದ ಅದೂ ಮನೆತನದ ಹೆಸರೆಂದೇ ಎಲ್ಲರ ತಿಳಿವಳಿಕೆ. ಎಷ್ಟೋ ಲೇಖನಗಳ ಕೊನೆಯ ಪಟ್ಟಿಯಲ್ಲಿ ಫಾಂಗ್, ಬಿ. ಟಿ. ಎಂದು ಅಚ್ಚಾಗಿದೆ. ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಬೂಯಿ ಎಂಬುದು ಮನೆತನ, ಫಾಂಗ್ ಎಂಬುದು ತಂದೆತಾಯಿ ಇಟ್ಟ ಹೆಸರು. 1977ರಲ್ಲಿ ಜಿಮ್ ಬ್ಲಿನ್ ಆ ಸೂತ್ರವನ್ನು ತಿದ್ದಿ ಸುಲಭಗೊಳಿಸಿದರು. ನಮ್ಮ ಲ್ಯಾಬಿನ ಟೀಪಾಟಿಗೆ ಬೆಳಕು ಬೀಳುವುದು ಬ್ಲಿನ್–ಫಾಂಗ್ ಎಂದು ಕರೆಯುವ ಆ ರೂಪದಲ್ಲಿ. ಜೋಡಿ ಹೆಸರಿನ ಒಂದು ಕಡೆ ಒಬ್ಬರ ಮನೆತನ, ಇನ್ನೊಂದು ಕಡೆ ಇನ್ನೊಬ್ಬರ ಕರೆಯುವ ಹೆಸರು.

ಇದನ್ನು ದೊಡ್ಡ ಅನ್ಯಾಯವೆಂದು ಕೂಗುವ ಮೊದಲು ಒಂದು ಮಾತು. ವಿಯೆಟ್ನಾಮಿನಲ್ಲಿ ಗೌರವದಿಂದ ಕರೆಯುವಾಗಲೂ ಬಳಸುವುದು ಕೊಟ್ಟ ಹೆಸರನ್ನೇ. ನಮಗೂ ಇದು ಹೊಸದಲ್ಲ. ಸರ್ ಎಂ. ವಿ. ಅವರ ಹೆಸರಿನಲ್ಲಿ ಮೋಕ್ಷಗುಂಡಂ ಮೊದಲು ಬರುತ್ತದೆ, ಆದರೆ ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ವಿಶ್ವೇಶ್ವರಯ್ಯ ಎಂದು. ಹಾಗಾಗಿ ಫಾಂಗ್ ಎಂದು ಕರೆದದ್ದು ತಪ್ಪಲ್ಲ. ವಿದೇಶಕ್ಕೆ ಹೋದ ನಮ್ಮ ಹುಡುಗರನ್ನು ಪಾಸ್‌ಪೋರ್ಟಿನ ಖಾನೆ ನೋಡಿ ಅವರಪ್ಪನ ಹೆಸರಿನಿಂದಲೋ ಊರಿನ ಹೆಸರಿನಿಂದಲೋ ಕರೆಯುತ್ತಾರಲ್ಲ, ಆಗ ಚುಚ್ಚುವುದು ಹೆಸರು ಬದಲಾದದ್ದಲ್ಲ. ನಿನ್ನನ್ನು ಏನೆಂದು ಕರೆಯಬೇಕು ಎಂದು ಯಾರೂ ಕೇಳದೇ ಹೋದದ್ದು. ತಪ್ಪಿರುವುದು ಅಲ್ಲಿ. ತಮ್ಮ ಪದ್ಧತಿಯ ಖಾನೆಯಲ್ಲಿ ಅವರನ್ನು ತುರುಕಿ, ಖಾನೆ ಸರಿಹೊಂದಿತೇ ಎಂದು ನೋಡದೆ ಮುಂದೆ ಹೋದದ್ದರಲ್ಲಿ.

ಹೆಸರಿನ ಹಿಂದಿನ ಬದುಕಿಗೆ ಬರೋಣ. ಅವರು 1942ರಲ್ಲಿ ಹನೋಯ್‌ನಲ್ಲಿ ಹುಟ್ಟಿದರು. ಆಗ ಅದು ಫ್ರೆಂಚರ ವಸಾಹತು. ಮುಂದೆ ಫ್ರಾನ್ಸಿನಲ್ಲಿ ಓದಿ, ಅಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, 1971ರಲ್ಲಿ ಯೂಟಾ ಸೇರಿದರು. ಪಿಎಚ್.ಡಿ. ಆದ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಹೆಸರನ್ನು ಉಳಿಸಿದ ಪ್ರಬಂಧ ಅಚ್ಚಾದ 1975ರಲ್ಲೇ, ಮೂವತ್ತಮೂರು ತುಂಬುವ ಮೊದಲೇ ತೀರಿಕೊಂಡರು. ಸಹಪಾಠಿಗಳು ಕಂಪನಿ ಕಟ್ಟಿದ್ದನ್ನಾಗಲಿ, ಕ್ಯಾಟ್‌ಮುಲ್ 2019ರ ಟ್ಯೂರಿಂಗ್ ಪ್ರಶಸ್ತಿ ಹಂಚಿಕೊಂಡದ್ದನ್ನಾಗಲಿ, ತಮ್ಮ ಸೂತ್ರ ಲಕ್ಷಾಂತರ ಪರದೆಗಳಲ್ಲಿ ಹೊಳೆದದ್ದನ್ನಾಗಲಿ ನೋಡಲು ಅವರು ಉಳಿಯಲಿಲ್ಲ.

ಆ ವರ್ಷಗಳನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಯೂಟಾದ ಆ ಪ್ರಯೋಗಾಲಯ ನಡೆಯುತ್ತಿದ್ದದ್ದು ಬಹುಮಟ್ಟಿಗೆ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯಾದ ಆರ್ಪಾ ಕೊಟ್ಟ ಹಣದಿಂದ. ಇವಾನ್ಸ್ ಮತ್ತು ಸದರ್ಲೆಂಡ್ ಸೇರಿ ಕಟ್ಟಿದ ಕಂಪನಿ ಪೈಲಟ್‌ಗಳ ತರಬೇತಿಗೆ ವಿಮಾನ ಹಾರಾಟದ ಕೃತಕ ದೃಶ್ಯಗಳನ್ನು ಮಾಡುತ್ತಿತ್ತು. ಫಾಂಗ್ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, 1972ರ ಡಿಸೆಂಬರ್ ಕೊನೆಯಲ್ಲಿ, ಅಮೆರಿಕದ ಬಿ-52 ವಿಮಾನಗಳು ಅವರು ಹುಟ್ಟಿದ ಊರಿನ ಮೇಲೆ ಬಾಂಬು ಸುರಿಸಿದವು. ಪ್ರಬಂಧ ಅಚ್ಚಾಗುವುದಕ್ಕೆ ತುಸು ಮೊದಲು, 1975ರ ಏಪ್ರಿಲ್ 30ರಂದು, ಸೈಗಾನ್ ಬಿದ್ದು ಯುದ್ಧ ಮುಗಿಯಿತು.

ಇಷ್ಟನ್ನು ಅಕ್ಕಪಕ್ಕ ಇಟ್ಟ ಕೂಡಲೇ ಕತೆಗಾರನ ಕೈ ತುರಿಸುತ್ತದೆ. ಹಗಲು ಟೀ ಕಪ್ಪಿನ ಹೊಳಪು, ರಾತ್ರಿ ಊರಿನ ಚಿಂತೆ ಎಂದು ಎರಡು ಬಿಂದುಗಳ ನಡುವೆ ನುಣ್ಣಗೆ ಬಣ್ಣ ಕರಗಿಸಿಬಿಡಬಹುದು. ನಾನು ಅದನ್ನು ಮಾಡುವುದಿಲ್ಲ. ಚೆಂಡಿನ ಮೈಯನ್ನು ಊಹಿಸಿ ತುಂಬಿದರೆ ಚೆಂಡಿಗೆ ನೋವಿಲ್ಲ. ಒಬ್ಬರ ಮನಸ್ಸನ್ನು ಊಹಿಸಿ ತುಂಬಿದರೆ ಅವರು ಅನುಭವಿಸದ ದುಃಖವನ್ನೋ ಇಲ್ಲದ ನೆಮ್ಮದಿಯನ್ನೋ ಅವರ ಹೆಸರಿಗೆ ಬರೆದಂತಾಗುತ್ತದೆ. ಬಿಂದುಗಳನ್ನು ಬಿಂದುಗಳಾಗಿಯೇ ಬಿಡುವುದೂ ಒಂದು ಬಗೆಯ ಗೌರವ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಬಲವಾದದ್ದೇ. ಸೂತ್ರಕ್ಕೆ ಯಾಕೆ ಬೇಕು ಜೀವನಚರಿತ್ರೆ? ಕೋನದ ಲೆಕ್ಕ ಹನೋಯ್‌ನಲ್ಲೂ ಹುಬ್ಬಳ್ಳಿಯಲ್ಲೂ ಒಂದೇ. ಬರೆದವರು ಯಾರು, ಎಲ್ಲಿಯವರು ಎಂದು ಕೇಳದೇ ಇರುವುದರಿಂದಲೇ ವಿಜ್ಞಾನ ಎಲ್ಲರದೂ ಆಗಿದೆ. ಸಣ್ಣ ಊರಿನಿಂದ ಬಂದ ನನ್ನ ವಿದ್ಯಾರ್ಥಿನಿ ಯಾರ ಅಪ್ಪಣೆಯೂ ಇಲ್ಲದೆ ಆ ಸೂತ್ರವನ್ನು ಬಳಸಬಲ್ಲಳು, ಬೇಕೆಂದರೆ ತಪ್ಪೆಂದು ಸಾಧಿಸಬಲ್ಲಳು. ಹೆಸರಿನ ಹಂಗಿಲ್ಲದಿರುವುದು ಜ್ಞಾನದ ದೊಡ್ಡ ಸ್ವಾತಂತ್ರ್ಯ.

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸೂತ್ರ ಬಳಸುವ ಪ್ರತಿಯೊಬ್ಬರೂ ಬೂಯಿ ತುವಾಂಗ್ ಫಾಂಗ್ ಅವರ ಹುಟ್ಟಿದ ವರ್ಷ ಬಾಯಿಪಾಠ ಮಾಡಬೇಕಿಲ್ಲ. ನಾನು ಕೇಳುವುದು ಅದಕ್ಕಿಂತ ಕಡಿಮೆ. ಬಿಟ್ಟಿದ್ದೇವೆ ಎಂಬುದು ನೆನಪಿದ್ದರೆ ಸಾಕು. ಸರಳಗೊಳಿಸುವುದು ತಪ್ಪಲ್ಲ, ಸರಳಗೊಳಿಸದೆ ಪಾಠವಿಲ್ಲ, ಸೂತ್ರವಿಲ್ಲ, ಒಂದು ವಾಕ್ಯವೂ ಇಲ್ಲ. ಸರಳಗೊಳಿಸಿದ್ದೇವೆ ಎಂಬುದನ್ನು ಮರೆತು, ಉಳಿದದ್ದೇ ಪೂರ್ತಿ ಎಂದುಕೊಳ್ಳುವ ಕ್ಷಣದಲ್ಲಿ ಅಂದಾಜು ಸುಳ್ಳಾಗುತ್ತದೆ. ಹೋರ್ಡಿಂಗ್‌ನಲ್ಲಿ ಅದು ಬೇಕೆಂದೇ ಆಗುತ್ತದೆ, ನೆನಪಿನಲ್ಲಿ ಸೋಮಾರಿತನದಿಂದ ಆಗುತ್ತದೆ.

ಯೂಟಾದ ಇನ್ನೊಂದು ಪ್ರಸಿದ್ಧ ವಸ್ತು ನಮ್ಮ ಲ್ಯಾಬಿನ ಆ ಟೀಪಾಟೇ. ಮಾರ್ಟಿನ್ ನ್ಯೂವೆಲ್ ಎಂಬ ಸಂಶೋಧಕರು ತಮ್ಮ ಮನೆಯ ಟೀಪಾಟನ್ನು ಎದುರಿಗಿಟ್ಟುಕೊಂಡು 1975ರಲ್ಲಿ ಅದರ ಆಕಾರವನ್ನು ಅಂಕಿಗಳಿಗೆ ಇಳಿಸಿದರು. ಟೀ ಸಾಮಾನುಗಳನ್ನೇ ಬಳಸಿ ನೋಡಿ ಎಂದು ಸಲಹೆ ಕೊಟ್ಟವರು ಅವರ ಹೆಂಡತಿ ಸ್ಯಾಂಡ್ರಾ. ಅದಕ್ಕೂ ಮೊದಲು ಗೂರೋ ತಮ್ಮ ಬಣ್ಣ ಕರಗಿಸುವ ವಿಧಾನವನ್ನು ಪರೀಕ್ಷಿಸಲು ಗೆರೆ ಎಳೆದದ್ದು ಹೆಂಡತಿ ಸಿಲ್ವಿಯ ಮುಖದ ಮೇಲೆ. ಸದರ್ಲೆಂಡ್ ಅವರ ವಿದ್ಯಾರ್ಥಿಗಳು ಅಳತೆಪಟ್ಟಿ ಹಿಡಿದು ಇಂಚಿಂಚಾಗಿ ಅಳೆದದ್ದು ಅವರ ಹೆಂಡತಿ ಮಾರ್ಷಾ ಅವರ ಫೋಕ್ಸ್‌ವ್ಯಾಗನ್ ಕಾರನ್ನು. ವಿಶ್ವವಿದ್ಯಾಲಯದ ಸಂಶೋಧನೆ ಎಂದರೆ ಹೀಗೆಯೇ. ಒಬ್ಬರ ಹೆಸರಿನ ಪ್ರಬಂಧಕ್ಕೆ ಮನೆಯವರ ಮುಖ, ಅಡುಗೆಮನೆಯ ಪಾತ್ರೆ, ಜೊತೆಗಾರರ ಬೆವರು, ಒಮ್ಮೊಮ್ಮೆ ಯುದ್ಧದ ಹಣ ಎಲ್ಲವೂ ಬೆಳಕು ಚೆಲ್ಲಿರುತ್ತವೆ. ನೆಟ್ಟಗೆ ಬಿದ್ದ ಬೆಳಕಿಗೆ ಹೆಸರಿದೆ. ಗೋಡೆಯಿಂದ ಗೋಡೆಗೆ ತಾಗಿ ಬಂದದ್ದಕ್ಕೆಲ್ಲ ಸೇರಿ ಒಂದೇ ಅಂಕಿ.

ನ್ಯೂವೆಲ್ ಮೊದಲು ಕೊಟ್ಟ ಅಂಕಿಗಳಲ್ಲಿ ಟೀಪಾಟಿನ ಮೈ 28 ತುಣುಕುಗಳಲ್ಲಿತ್ತು. ಅದಕ್ಕೆ ತಳವೇ ಇರಲಿಲ್ಲ. ಮೇಜಿನ ಮೇಲೆ ಇಟ್ಟ ಪಾತ್ರೆಯ ತಳ ಯಾರಿಗೂ ಕಾಣುವುದಿಲ್ಲವಲ್ಲ. ಮುಂದೆ ಯಾರಿಗೋ ಅದನ್ನು ಮಗುಚಿ ನೋಡಬೇಕೆನಿಸಿದಾಗ ನಾಲ್ಕು ತುಣುಕು ಸೇರಿಸಿ 32 ಮಾಡಿದರು. ಕಾಣದ ಭಾಗವನ್ನು ಬಿಟ್ಟದ್ದು ತಪ್ಪಾಗಿರಲಿಲ್ಲ. ತಳವಿಲ್ಲವೆಂದು ಗೊತ್ತಿದ್ದವರು ಇದ್ದರು, ಅದಕ್ಕೇ ಸೇರಿಸಲು ಆಯಿತು.

ಈಗ ನನ್ನ ಲ್ಯಾಬಿನಲ್ಲಿ ಒಂದು ಸಣ್ಣ ನಿಯಮವಿದೆ. ಆಂಬಿಯೆಂಟ್ ಸಾಲಿನಲ್ಲಿ ಅಂಕಿ ಬರೆದ ಮೇಲೆ ಅದರ ಪಕ್ಕದಲ್ಲಿ ಈ ಅಂಕಿ ಏನನ್ನು ಬಿಟ್ಟಿದೆ ಎಂದು ಒಂದು ಸಾಲಿನ ಟಿಪ್ಪಣಿ ಬರೆಯಬೇಕು. ಕಂಪ್ಯೂಟರ್ ಆ ಸಾಲನ್ನು ಓದುವುದಿಲ್ಲ, ಚಿತ್ರ ಒಂದಿಷ್ಟೂ ಬದಲಾಗುವುದಿಲ್ಲ, ಅಂಕವೂ ಸಿಗುವುದಿಲ್ಲ. ಗೋಡೆ, ನೆಲ, ಮೇಜು ಎಂದು ಕೆಲವರು ಬರೆಯುತ್ತಾರೆ. ಕಿಟಕಿಯ ಆಚೆಗಿನ ಆಕಾಶ ಎಂದು ಕೆಲವರು. ನನ್ನನ್ನು ಸುಳ್ಳಾ ಎಂದು ಕೇಳಿದ್ದ ಹುಡುಗಿ ಬರೆದದ್ದು ಎರಡೇ ಪದ: ಉಳಿದ ಎಲ್ಲರೂ.